ಮಳೆಗಾಲಕ್ಕೊಂದು ಕೌದಿ: ಎರಡು ಹಳೇ ಸೀರೆ, 54 ಚೂರು

ಮಳೆ ಹಿಡೀತು ಅಂದ್ರೆ ನಮ್ಮ ತೀರ್ಥಹಳ್ಳಿ ಕಡೆ ಮಧ್ಯಾಹ್ನಾನೇ ಲೈಟ್ ಹಾಕ್ಕೊಂಡು ಕೂರ್ಬೇಕು, ತೋಟಕ್ಕೂ ಇಳಿಯೋ ಹಾಗಿಲ್ಲ, ಕೌದಿ ಹೊಲಿಯೋಕೆ ಅದಕ್ಕಿಂತ ಒಳ್ಳೇ ಟೈಮ್ ಇನ್ನೊಂದಿಲ್ಲ. ಆದ್ರೆ ಬಟ್ಟೆ ಒಗೆದು ಒಣಗಿಸೋದು ಮಾತ್ರ ಮೇ ತಿಂಗಳಲ್ಲೇ ಮುಗಿಸಿಡಿ. ಅರೆ ಒಣಗಿದ ಸೀರೆ ಒಳಗಿಟ್ಟು ಹೊಲಿದ್ರೆ ಆಗಸ್ಟ್ ಹೊತ್ತಿಗೆ ಬೂಷ್ಟು, ಆಮೇಲೆ ಬಚ್ಚಲ ಒಲೆ ಮೇಲೆ ಎಷ್ಟು ದಿನ ನೇತು ಹಾಕಿದ್ರೂ ವಾಸನೆ ಹೋಗಲ್ಲ, ಹೊಗೆ ವಾಸನೆ ಬೇರೆ ಸೇರ್ಕೊಳ್ತದೆ.

ಮೊದಲ್ನೇ ಸಲಕ್ಕೆ ಡಬಲ್ ಕಾಟ್ ಅಳತೆ ಅಂತ ಹೊರಡಬೇಡಿ, ಅರ್ಧಕ್ಕೆ ಬೇಜಾರಾಗಿ ಅಟ್ಟ ಸೇರ್ತದೆ. 3 ಅಡಿ ಅಗಲ, ನಾಲ್ಕೂವರೆ ಅಡಿ ಉದ್ದ ಸಾಕು, ಮಕ್ಕಳಿಗೆ ಹೊದಿಸಬಹುದು. ಈ ಅಳತೆ ಯಾಕೆ ಅಂದ್ರೆ ಐದೂವರೆ ಮೀಟರ್ ಸೀರೇನ ಉದ್ದಕ್ಕೆ ನಾಲ್ಕು ಮಡಿಕೆ ಮಾಡಿದ್ರೆ ಸರಿಯಾಗಿ 54 ಇಂಚು, ಅಂದ್ರೆ ನಾಲ್ಕೂವರೆ ಅಡಿನೇ ಬರ್ತದೆ. ಅದು ಒಳಗಿನ ಪದರಕ್ಕೆ, ಅಗಲ ಹೆಚ್ಚಾಗಿದ್ದು ಕತ್ತರಿಸಿ. ಇನ್ನೊಂದು ಸೀರೆಯಲ್ಲಿ 40 ಇಂಚಿಗೆ 58 ಇಂಚಿನ ತುಂಡು ಅಡಿ ಬಟ್ಟೆಗೆ. ಎಲ್ಲಾ ಕಾಟನ್ನೇ ಇರ್ಲಿ, ರೇಷ್ಮೆ ಸಿಂಥೆಟಿಕ್ ಬೆರೆಸಿದ್ರೆ ಒಂದು ಕುಗ್ಗತ್ತೆ ಒಂದು ಕುಗ್ಗಲ್ಲ, ಒಗೆದ ಮೇಲೆ ನೆರಿಗೆ ನೆರಿಗೆ.

ಮೇಲಿನ ಪದರಕ್ಕೆ ಹಳೇ ಚೂಡಿದಾರ, ದಿಂಬಿನ ಕವರು, ಟೈಲರ್ ಹತ್ರ ಕೇಳಿ ತಂದ ಚೂರು, ಏನಾದ್ರೂ ಆಗತ್ತೆ. ಕಡು ಕೆಂಪು ಬಣ್ಣದ್ದಿದ್ರೆ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ, ಬಣ್ಣ ಹತ್ತಿದ್ರೆ ಅದನ್ನ ಬಿಡಿ. ರಟ್ಟಲ್ಲಿ ಆರೂವರೆ ಇಂಚಿನ ಚೌಕ ಮಾಡ್ಕೊಂಡು, ಅದನ್ನಿಟ್ಟು ಗೀರಿ 54 ಚೂರು ಕತ್ತರಿಸಿ, ಸಾಲಿಗೆ 6ರಂತೆ 9 ಸಾಲು. ಹೊಲಿಗೆಗೆ ಎರಡೂ ಕಡೆ ಕಾಲು ಕಾಲು ಇಂಚು ಹೋಗಿ 6 ಇಂಚು ಉಳೀತದೆ. ಕಾಲು ಇಂಚಿನ ಜಾಗಕ್ಕೆ ಅರ್ಧ ಇಂಚು ತಗೊಂಡ್ರೋ, ಒಂದು ಸಾಲಿಗೇ ಎರಡೂವರೆ ಇಂಚು ಮಾಯ. ಮಷೀನಲ್ಲಿ ಸೂಜಿಯಿಂದ ಕಾಲು ಇಂಚು ಬಿಟ್ಟು ಒಂದು ಟೇಪ್ ಅಂಟಿಸಿ, ಬಟ್ಟೆ ಅಂಚು ಅದಕ್ಕೆ ತಾಗಿಸ್ಕೊಂಡು ಹೋದ್ರಾಯ್ತು. ಇಸ್ತ್ರಿ ಹಾಕುವಾಗ ಒಂದು ಸಾಲಿನ ಹೊಲಿಗೆ ಎಡಕ್ಕೆ ಮಡಚಿ, ಮುಂದಿನ ಸಾಲಿನದ್ದು ಬಲಕ್ಕೆ, ಸಾಲು ಕೂಡಿಸುವಾಗ ಮೂಲೆಗಳು ತಾವೇ ಕೂರ್ತವೆ.

ಈಗ ಬರೋದು ಕಚ್ಚಾ ಹೊಲಿಗೆ, ಅಂದ್ರೆ ಪದರ ಜಾರದ ಹಾಗೆ ಸದ್ಯಕ್ಕೆ ಹಾಕಿ ಕೊನೇಲಿ ತೆಗೆಯೋ ಹೊಲಿಗೆ. ನಾನು ಮೊದಲ್ನೇ ಕೌದಿಗೆ ಇದನ್ನೇ ಬಿಟ್ಟಿದ್ದು, ನಾಲ್ಕು ಪಿನ್ನು ಚುಚ್ಚಿ ಅಂಚಿಂದ ಹೊಲೀತಾ ಬಂದೆ, ನಡು ಮಧ್ಯ ಹಪ್ಪಳದ ಹಾಗೆ ಉಬ್ಬಿ ಕೂತಿತ್ತು. ಅತ್ತೆ ನೋಡಿ "ಏನೇ ಇದು, ಕೌದಿ ಒಳಗೆ ಬೆಕ್ಕು ಮಲಗಿದ್ಯಾ?" ಅಂದ್ರು. ಅದು ಈಗ್ಲೂ ನಾಯಿ ಗೂಡಲ್ಲಿದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಅಂಚಿಂದಲೇ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸ್ತಾರೆ, ಒಂದು ಸುಕ್ಕಿರಲ್ಲ! ಆ ಕೈ ನಮಗೆ ಬರೋವರೆಗೂ ನಡುವಿಂದ ಹೊರಗೆ ಹೋಗೋದೇ ವಾಸಿ.

ಹಾಲ್ ಗುಡಿಸಿ, ಅಡಿ ಬಟ್ಟೆ ಉಲ್ಟಾ ಮಾಡಿ ಹಾಸಿ, ಬಿಗಿಯಾಗಿ ಎಳೆದು ನಾಲ್ಕು ಮೂಲೆಗೂ ಭಾರ ಇಡಿ, ಸೇರು ಪಾವು ಏನಿದೆಯೋ ಅದು. ಮೇಲೆ ಮಡಚಿದ ಸೀರೆ, ಅದರ ಮೇಲೆ ಚೂರುಗಳ ಪದರ ನೆಟ್ಟಗೆ. ಅಂಗೈಯಲ್ಲಿ ನಡುವಿಂದ ಹೊರಕ್ಕೆ ಸವರಿ. ಬೇರೆ ಬಣ್ಣದ ದಾರ ತಗೊಂಡು ನಡುವಿಂದ ನಾಲ್ಕೂ ದಿಕ್ಕಿಗೆ ಉದ್ದುದ್ದ ಹೊಲಿಗೆ, ಆಮೇಲೆ ಗೇಣಿಗೊಂದು ಸಾಲು. ಸೊಂಟ ನೋವು ಬರ್ತದೆ, ಮಧ್ಯ ಒಂದು ಕಾಫಿ ಕುಡೀರಿ.

ಆರು ಪದರ ಆಯ್ತಲ್ಲ, ಇದನ್ನ ಕೈಯಲ್ಲೇ ಹೊಲೀರಿ. ಮನೆ ಮಷೀನು ಅಡಿ ಬಟ್ಟೆ ಎಳೀತದೆ, ಮೇಲಿನದ್ದು ಹಿಂದೆ ಉಳೀತದೆ. ದಬ್ಬಳ ಬೇಡ, ತೂತು ಬೀಳ್ತದೆ, ಕಣ್ಣು ದೊಡ್ಡದಿರೋ ಉದ್ದ ಸೂಜಿ ಸಾಕು. ದಾರ ಎರಡೆಳೆ, ಒಂದೂವರೆ ಮೊಳಕ್ಕಿಂತ ಉದ್ದ ತಗೊಂಡ್ರೆ ಗೋಜಲು. ಗಂಟನ್ನ ಮೆಲ್ಲಗೆ ಎಳೆದು ಪದರದೊಳಗೆ ಸೇರಿಸಿ. ಕಾಲು ಇಂಚಿನ ಹೊಲಿಗೆ, ಸಾಲಿಂದ ಸಾಲಿಗೆ ಒಂದೂವರೆ ಇಂಚು. ಸೊಟ್ಟ ಆದ್ರೆ ಆಗ್ಲಿ ಬಿಡಿ ಮಾರಾಯ್ರೆ, ಬಿಚ್ಚೋಕೆ ಕೂರಬೇಡಿ.

ಅಂಚಿಗೆ ಬೇರೆ ಪಟ್ಟಿ ಬೇಡ. ಅಡಿ ಬಟ್ಟೆ ಸುತ್ತಲೂ 2 ಇಂಚು ಹೆಚ್ಚಿದೆಯಲ್ಲ, ಅದನ್ನೇ ಒಂದಿಂಚು ಮಡಚಿ, ಮತ್ತೊಮ್ಮೆ ಮೇಲಕ್ಕೆ ಮಡಚಿ ಹೊಲಿದು ಬಿಡಿ. ಕಚ್ಚಾ ದಾರ ಕೊನೇಲಿ ಎಳೆದು ತೆಗೀರಿ.

ಮೊದಲ ಒಗೆತ ದೀಪಾವಳಿ ಕಳೆದ ಮೇಲೆ ಇಟ್ಕೊಳ್ಳಿ, ಆರು ಪದರ ಒಣಗೋಕೆ ಎರಡು ದಿನದ ಬಿಸಿಲಾದ್ರೂ ಬೇಕು. ಅಷ್ಟೊತ್ತಿಗೆ ಅಂಗಳ ಚಪ್ಪರ ಎಲ್ಲಾ ಅಡಿಕೆದ್ದಾಗಿರ್ತದೆ, ಜಾಗ ಕೇಳಿದ್ರೆ ಬೈಗುಳ ಗ್ಯಾರಂಟಿ. ನಂದು ತೋಟದ ತಂತಿ ಬೇಲಿ ಮೇಲೇ ಒಣಗೋದು.