ಬಿಸಿಲೂರಿನ ಮನೆಯಲ್ಲಿ ಮಕ್ಕಳ ದಿನಚರಿ ರೂಢಿಸುವ ಬಗೆ

ಮಕ್ಕಳ ದಿನಚರಿ ಎಂದೊಡನೆ ಗೋಡೆಗೆ ವೇಳಾಪಟ್ಟಿ ಅಂಟಿಸುವವರೇ ಹೆಚ್ಚು. ಕಲಬುರಗಿಯಲ್ಲಿ ಅಂತಹ ಪಟ್ಟಿ ಬಹುದಿನ ಬಾಳುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗಿನ ಬೇಸಿಗೆ ಸಮಯಕ್ಕೆ ಹೊರಳುವಾಗ, ಮನೆಯೊಂದೇ ಹಳೆಯ ಗಂಟೆಗೆ ಅಂಟಿಕೊಳ್ಳಬೇಕಿಲ್ಲ. ದಿನಚರಿಯನ್ನು ಗಡಿಯಾರಕ್ಕೆ ಕಟ್ಟುವ ಬದಲು, ಮನೆಯಲ್ಲಿ ಹೇಗೂ ತಪ್ಪದೆ ನಡೆಯುವ ಕೆಲಸಗಳಿಗೆ ಕಟ್ಟುವುದು ಲೇಸು. ಅಂಗಳಕ್ಕೆ ನೀರು ಹಾಕುವುದು, ರೊಟ್ಟಿ ಬಡಿಯುವುದು, ದೀಪ ಹಚ್ಚುವುದು, ಹಾಸಿಗೆ ಹಾಸುವುದು ಇವುಗಳಲ್ಲಿ ಮೊದಲು ಒಂದನ್ನು ಮಾತ್ರ ಆರಿಸಿಕೊಂಡು, ಅದು ರೂಢಿಯಾದ ಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು.

ನನ್ನ ಎಣಿಕೆಯಲ್ಲಿ ರೊಟ್ಟಿಯ ಹೊತ್ತೇ ಎಲ್ಲಕ್ಕಿಂತ ಅನುಕೂಲವಾದದ್ದು. ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟು ಕೈ ತಾಳುವಷ್ಟು ಆರಿದ ಮೇಲೆ, ನಿಂಬೆಹಣ್ಣಿನ ಗಾತ್ರದ ಒಂದು ಉಂಡೆಯನ್ನು ಮಗುವಿಗೆ ಕೊಟ್ಟು, ಒಣಹಿಟ್ಟು ಉದುರಿಸಿದ ತಟ್ಟೆಯ ಮೇಲೆ ಬಡಿಯಲು ಬಿಡಬೇಕು. ಅಂಚು ಸೀಳುತ್ತದೆ, ರೊಟ್ಟಿ ಎತ್ತುವಾಗ ಹರಿಯುತ್ತದೆ. ತಿದ್ದಲು ಹೋಗದೆ ಹರಿದ ರೊಟ್ಟಿಯನ್ನೇ ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಬೇಯಿಸಿ ಅದೇ ಮಗುವಿನ ತಾಟಿಗೆ ಬಡಿಸಬೇಕು. ಒಲೆಯ ಬಳಿ ಮಾತ್ರ ದೊಡ್ಡವರೇ ಇರಬೇಕು. ಗಂಡುಮಕ್ಕಳನ್ನು ಈ ಕೆಲಸದಿಂದ ಹೊರಗಿಡುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ; ಅದನ್ನು ಬಿಡಲು ಇದಕ್ಕಿಂತ ಸುಲಭವಾದ ದಾರಿ ನನಗೆ ಕಂಡಿಲ್ಲ.

ಸಂಜೆಗೆ ಐದು ನಿಮಿಷ ಸಾಕು. ಶರಣರ ಮನೆಗಳಲ್ಲಿ ದೀಪ ಹಚ್ಚಿ ಒಂದು ವಚನ ಹೇಳಬಹುದು, ಮುಸ್ಲಿಂ ಮನೆಗಳಲ್ಲಿ ಮಗ್ರಿಬ್ ನಮಾಜಿನ ಹೊತ್ತು ಇದ್ದೇ ಇದೆ, ಎರಡೂ ಇಲ್ಲದ ಮನೆಯವರು ಕೂಡಿ ಕುಳಿತು ಆ ದಿನ ಕಂಡದ್ದನ್ನು ಒಬ್ಬೊಬ್ಬರಾಗಿ ಹೇಳಬಹುದು. ಆಗ ಟಿವಿ ಮತ್ತು ಮೊಬೈಲ್ ಬಂದಾಗಿರಬೇಕು, ಅಪ್ಪನ ಮೊಬೈಲ್ ಸಹಿತ.

ಬೇಸಿಗೆಯ ಮಧ್ಯಾಹ್ನ ಮಕ್ಕಳನ್ನು ಒತ್ತಾಯದಿಂದ ಮಲಗಿಸುವ ಹಟ ಬೇಡ. ಕಿಟಕಿಗೆ ಪರದೆ ಎಳೆದು, ಮುತ್ಯಾ (ಅಜ್ಜ) ಅಥವಾ ಆಯಿ (ಅಜ್ಜಿ) ಕಥೆ ಹೇಳಲಿ, ಇಲ್ಲವೇ ಮಕ್ಕಳು ಚಿತ್ರ ಬರೆಯುತ್ತಾ ಕೂಡಲಿ. ಆಟ ಬಿಸಿಲು ಇಳಿದ ಮೇಲೆ.

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಯ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಕೈಕಾಲು ತೊಳೆಯುವುದು, ಹಾಸಿಗೆ ಹಾಸುವುದು, ಒಂದು ಕಥೆ, ಬಳಿಕ ದೀಪ ಆರಿಸುವುದು ಎಂಬ ಕ್ರಮವನ್ನು ಕರೆಂಟ್ ಹೋದ ರಾತ್ರಿಯಲ್ಲೂ, ನೆಂಟರು ಬಂದ ದಿನವೂ ಹಾಗೆಯೇ ಉಳಿಸಿಕೊಂಡರೆ, ಹೊತ್ತು ಅರ್ಧ ಗಂಟೆ ಆಚೀಚೆಯಾದರೂ ಮಗು ತಕರಾರಿಲ್ಲದೆ ಮಲಗುತ್ತದೆ.

ವರ್ಷದ ಆಚರಣೆಗಳಲ್ಲಿಯೂ ಮಕ್ಕಳಿಗೆ ಒಂದು ನಿಶ್ಚಿತ ಕೆಲಸವಿರಲಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗ ಸಜ್ಜೆ ರೊಟ್ಟಿ, ಭಜ್ಜಿಯನ್ನು ಉಂಡು ಬರುವುದಷ್ಟೇ ಅಲ್ಲದೆ, ಚರಗ, ಅಂದರೆ ಹೊಲಕ್ಕೆ ಎರಚುವ ನೈವೇದ್ಯ, ಚೆಲ್ಲುವವರ ಜೊತೆ ತಂಬಿಗೆ ಹಿಡಿದು ನಡೆಯುವ ಪಾಳಿ ಪ್ರತಿ ವರ್ಷ ಒಂದೇ ಮಗುವಿಗೆ ಬಾರದಂತೆ ಮೊದಲೇ ಗೊತ್ತುಮಾಡಬೇಕು; ಇಲ್ಲವಾದರೆ ಹೊಲದಲ್ಲಿಯೇ ಜಗಳ.

ಬೇಸಿಗೆ ರಜೆ ಮುಗಿಯುವ ಎರಡು ವಾರ ಮೊದಲು ಮಲಗುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಬೇಗ ಮಾಡುತ್ತಾ, ಕ್ರಮವನ್ನು ಮಾತ್ರ ಮುಟ್ಟದೆ ಬಿಡಬೇಕು.