ಪಿಕಪ್ ಗಾಡಿಗೆ ಹಳೆಯ ಹುಡ್ ಕೊಂಡು ಸರಿಪಡಿಸುವ ಕ್ರಮ

ಮಂಡ್ಯದ ಆಲೆಮನೆಗಳಿಂದ ಬೆಲ್ಲ ಸಾಗಿಸುವ ಪಿಕಪ್‌ಗೆ ಹುಡ್ (ಪೈಪಿನ ಚೌಕಟ್ಟಿಗೆ ಟಾರ್ಪಾಲು ಹೊದಿಸಿದ ಮೇಲ್ಹೊದಿಕೆ) ಇಲ್ಲದಿದ್ದರೆ ಮಳೆಗಾಲದಲ್ಲಿ ನಷ್ಟ ತಪ್ಪಿದ್ದಲ್ಲ, ಏಕೆಂದರೆ ಬೆಲ್ಲವು ಗಾಳಿಯ ತೇವವನ್ನೇ ಹೀರಿಕೊಂಡು ಬೆವರುತ್ತದೆ. ಹೊಸದನ್ನು ಕಟ್ಟಿಸಲಾಗದವರು ಹಳೆಯ ಹುಡ್ ಕೊಳ್ಳಬಹುದು. ಆದರೆ ಟಾರ್ಪಾಲನ್ನು ನೋಡಿ ಬೆಲೆ ಕಟ್ಟಬಾರದು. ಟಾರ್ಪಾಲು ಹೇಗಿದ್ದರೂ ಬದಲಾಗುವ ವಸ್ತು, ಉಳಿಯುವುದು ಪೈಪಿನ ಚೌಕಟ್ಟು.

ಗುಜರಿ ಅಂಗಡಿಗಳಲ್ಲಿಯೂ ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ವೆಲ್ಡಿಂಗ್ ಶೆಡ್‌ಗಳಲ್ಲಿಯೂ ವಿಚಾರಿಸಿ. ಹೊರಡುವ ಮುನ್ನ ಬಾಡಿಯ ಉದ್ದ, ಅಗಲ ಮತ್ತು ಎರಡೂ ಕರ್ಣಗಳನ್ನು ಅಳೆದು ಬರೆದುಕೊಳ್ಳಿ, ಒಂದೇ ಕಂಪನಿಯ ಗಾಡಿಗಳಲ್ಲಿಯೂ ಬಾಡಿಯ ಉದ್ದ ಮಾದರಿಗೆ ತಕ್ಕಂತೆ ಬದಲಾಗುತ್ತದೆ. ಹುಡ್‌ನ ಎರಡು ಕರ್ಣಗಳು ಸಮವಿಲ್ಲದಿದ್ದರೆ ಚೌಕಟ್ಟು ತಿರುಚಿಕೊಂಡಿದೆ ಎಂದರ್ಥ. ಅದನ್ನು ಬಿಟ್ಟುಬಿಡುವುದೇ ಮೇಲು.

ನಾನು ಮೊದಲು ಕೊಂಡ ಹುಡ್ ಹೊಸ ಬಣ್ಣದಿಂದ ಹೊಳೆಯುತ್ತಿತ್ತು, ಆದರೆ ವೆಲ್ಡಿಂಗ್ ರಾಡು ತಾಗಿದೊಡನೆ ಪೈಪು ತೂತಾಯಿತು. ತುಕ್ಕು ಒಳಗಿನಿಂದ ತಿಂದಿತ್ತು. ಆದ್ದರಿಂದ ನೀರು ನಿಲ್ಲುವ ಕಂಬಗಳ ಬುಡವನ್ನೂ ಬಾಗಿದ ಮೂಲೆಗಳನ್ನೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಪೈಪು ಗಂಟೆಯಂತೆ ನಾದ ಕೊಡುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಬುಡ ಮಾತ್ರ ಹಾಳಾಗಿದ್ದರೆ ಆ ಭಾಗವನ್ನು ಕತ್ತರಿಸಿ ಅದೇ ದಪ್ಪದ ಹೊಸ ತುಂಡು ಬೆಸೆಯಬಹುದು.

ವೆಲ್ಡಿಂಗನ್ನು ಹುಡ್ ಕೆಳಗಿಳಿಸಿಯೇ ಮಾಡಿಸಿ. ಜಿಐ (ಸತು ಲೇಪಿತ) ಪೈಪಾದರೆ ಬೆಸೆಯುವ ಜಾಗದ ಸತುವಿನ ಲೇಪವನ್ನು ಮೊದಲು ಉಜ್ಜಿ ತೆಗೆಯಬೇಕು, ಅದರ ಹೊಗೆ ಜ್ವರ ತರುತ್ತದೆ. ಬಳಿಕ ತಂತಿ ಬ್ರಶ್‌ನಿಂದ ತುಕ್ಕು ತೆಗೆದು, ಎಮರಿ ಕಾಗದದಿಂದ ಉಜ್ಜಿ, ಥಿನ್ನರಿನಿಂದ ಒರೆಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಿರಿ. ಅದು ಒಣಗಿದ ಮೇಲೆ ಎರಡು ಕೋಟ್ ಎನಾಮೆಲ್ ಸಾಕು. ಜಿಐ ಪೈಪಿನ ಮೇಲೆ ಸಾಮಾನ್ಯ ಎನಾಮೆಲ್ ಬೇಗ ಸುಲಿದು ಬರುವುದರಿಂದ ಅದಕ್ಕೆ ಎಚ್ (etch) ಪ್ರೈಮರ್, ಅಂದರೆ ಸತುವಿನ ಮೇಲೆ ಕಚ್ಚಿ ಹಿಡಿಯುವ ಮೊದಲ ಲೇಪ ಬೇಕು. ತೆರೆದ ಪೈಪಿನ ಮೇಲಿನ ಬಾಯಿಗಳನ್ನು ಮುಚ್ಚಿ, ಅತ್ಯಂತ ಕೆಳಗಿನ ಬಿಂದುವಿನಲ್ಲಿ ನೀರು ಹೊರಹೋಗಲು ಒಂದು ಸಣ್ಣ ರಂಧ್ರ ಕೊರೆಯುವುದನ್ನು ಮರೆಯಬೇಡಿ.

ಟಾರ್ಪಾಲನ್ನು ಹುಡ್‌ಗೆ ಹೊದಿಸಿ ಹಗಲಿನಲ್ಲಿ ಒಳಗೆ ಕುಳಿತು ನೋಡಿದರೆ ತೂತುಗಳು ನಕ್ಷತ್ರಗಳಂತೆ ಕಾಣುತ್ತವೆ. ಸೀಮೆಸುಣ್ಣದಿಂದ ಗುರುತು ಹಾಕಿ. ಪಿವಿಸಿ ಟಾರ್ಪಾಲಿಗೆ ಅದರದೇ ಅಂಟಿನಿಂದ ತೇಪೆ ಹಾಕಬಹುದು. ಎಚ್‌ಡಿಪಿಇ ಎಂಬ ನೇಯ್ದ ಪ್ಲಾಸ್ಟಿಕ್ ಟಾರ್ಪಾಲಿಗೆ ಅಂಟು ಹಿಡಿಯುವುದಿಲ್ಲ, ಹೆಚ್ಚು ತೂತಿದ್ದರೆ ಬದಲಿಸಿ. ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವವರು ಪಕ್ಕದ ಪರದೆಗಳನ್ನು ಸುತ್ತಿ ಮೇಲೆ ಕಟ್ಟುವಂತೆ ಹೊಲಿಸಬೇಕು, ಗೂಡಿಗೆ ಗಾಳಿಯಾಡಲೇಬೇಕು.

ಹುಡ್‌ನ ತೂಕದಷ್ಟು ಸರಕನ್ನು ಕಡಿಮೆ ಹೇರಬೇಕಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿಯಲ್ಲಿರುವ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿಷೇಧಿಸುವುದರಿಂದ, ಕೂರಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ. ಹುಡ್ಡನ್ನು ಗಾಡಿಯ ಬಾಡಿಯ ಮೇಲೆ ಬೆಸೆಯದೆ, ಹಳೆಯ ಟ್ಯೂಬಿನ ತುಂಡುಗಳನ್ನು ನಡುವೆ ಇಟ್ಟು ಬೋಲ್ಟಿನಿಂದ ಬಿಗಿಯಿರಿ. ಮೊದಲ ಲೋಡ್ ಇಳಿಸಿ ಬಂದ ಸಂಜೆಯೇ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ.