ದೂರದ ಸವಾರಿಗೆ ಚರ್ಮದ ಸೀಟು: ಮಲೆನಾಡಿನಲ್ಲಿ ನನ್ನ ಅನುಭವ

ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ ಸೈಕಲ್ ಸೀಟು ಕೊಳ್ಳುವವರೇ ಹೆಚ್ಚು. ಒತ್ತಿದರೆ ಒಳಗಿಳಿಯುವ ಜೆಲ್ ಸೀಟು ಪೇಟೆ ಸುತ್ತಲು ಸಾಕು. ಶಿವಮೊಗ್ಗದಿಂದ ಹೊರಟು ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿ ಸೇರುವ ಹೊತ್ತಿಗೆ, ಅಂದರೆ ಸುಮಾರು 60 ಕಿ.ಮೀ.ಗೆ, ಅದರ ಬಣ್ಣ ಬಯಲಾಗುತ್ತದೆ. ಕೂತಾಗ ಭಾರ ಹೊರುವ ಎರಡು ಮೂಳೆಗಳು ಜೆಲ್‌ನಲ್ಲಿ ಹೂತುಹೋಗಿ, ನಡುವಿನ ಜೆಲ್ ಉಬ್ಬಿ ನರಗಳನ್ನು ಒತ್ತುತ್ತದೆ. ಜೋಮು ಹಿಡಿಯುವುದು ಅದಕ್ಕೇ. ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ ಬ್ರೆವೆ ಅನ್ನುತ್ತಾರೆ. 200 ಕಿ.ಮೀ. ಬ್ರೆವೆಗೆ 13 ಗಂಟೆ 30 ನಿಮಿಷ, 600ಕ್ಕೆ 40 ಗಂಟೆ ಗಡುವು. ಅಷ್ಟು ಹೊತ್ತು ಕೂರುವವರು ಸೀಟು ಎಷ್ಟು ಮೆತ್ತಗಿದೆ ಎನ್ನುವುದಕ್ಕಿಂತ ಮೊದಲು ಅದರ ಅಗಲ ನೋಡಬೇಕು.

ಅಳತೆಗೆ ಯಂತ್ರ ಬೇಡ. ಮನೆಯ ಜಗಲಿ ಕಟ್ಟೆಯ ಮೇಲೆ ಸಾಮಾನು ಬರುವ ರಟ್ಟಿನ ತುಂಡು ಹಾಸಿ, ಹ್ಯಾಂಡಲ್ ಹಿಡಿದವರಂತೆ ಮುಂದೆ ಬಾಗಿ ಗಟ್ಟಿಯಾಗಿ ಕೂತೆ. ರಟ್ಟಿನಲ್ಲಿ ಬಿದ್ದ ಎರಡು ಗುಳಿಗಳ ನಡುವಿನ ದೂರವೇ ನಮ್ಮ ಅಳತೆ. ಸೀಟು ಅದಕ್ಕಿಂತ ಸಾಕಷ್ಟು ಅಗಲವಿರಬೇಕು. ಚರ್ಮದ ಸೀಟಿನಲ್ಲಂತೂ ಇದು ಇನ್ನೂ ಮುಖ್ಯ, ಏಕೆಂದರೆ ಅದರ ಹಿಂಭಾಗದಲ್ಲಿ ಉಕ್ಕಿನ ಪಟ್ಟಿ ಇರುತ್ತದೆ. ಮೂಳೆ ಆ ಪಟ್ಟಿಯ ಮೇಲೆ ಕೂತರೆ ಎಷ್ಟು ಸಾವಿರ ಕೊಟ್ಟಿದ್ದರೂ ದಂಡ.

ನಾನು ಆರಿಸಿದ್ದು ಬ್ರೂಕ್ಸ್ ಬಿ17. 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಕಂಪನಿ ಅದು. ಅಗಲ 175 ಮಿ.ಮೀ., ತೂಕ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಬೆನ್ನು ನೆಟ್ಟಗಿಟ್ಟು ಓಡಿಸುವವರಿಗೆ ಇದಕ್ಕಿಂತ ಅಗಲದ, ಸ್ಪ್ರಿಂಗ್ ಇರುವ ಬಿ67 ಹೊಂದುತ್ತದೆ. ಇವುಗಳಲ್ಲಿ ಫೋಮ್ ಇಲ್ಲ. ದಪ್ಪ ಚರ್ಮವನ್ನು ಮುಂದಿನಿಂದ ಹಿಂದಕ್ಕೆ ಬಿಗಿದು ರಿವೆಟ್ ಹೊಡೆದಿರುತ್ತಾರೆ, ಅಷ್ಟೇ. "ಇಷ್ಟು ದುಡ್ಡು ಕೊಟ್ಟು ಕಲ್ಲಿನಂಥದ್ದು ತಂದ್ರಾ ಮಾರಾಯ್ರೆ?" ಅಂದರು ನಮ್ಮ ಸೈಕಲ್ ಅಂಗಡಿಯವರು. ಮೊದಮೊದಲು ಹಾಗೇ ಇರುತ್ತದೆ. ಓಡಿಸುತ್ತಾ ಹೋದಂತೆ ಮೂಳೆ ತಾಗುವ ಎರಡು ಕಡೆ ಮಾತ್ರ ಚರ್ಮ ತಗ್ಗುತ್ತದೆ, ಉಳಿದದ್ದು ಗಟ್ಟಿಯಾಗೇ ಇರುತ್ತದೆ. ಬೇರೆಯವರು ಪಳಗಿಸಿದ ಹಳೇ ಸೀಟು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಲು ನನಗೆ ಮನಸ್ಸಿಲ್ಲದಿರುವುದು ಇದಕ್ಕೇ.

ಬೇಗ ಮೆತ್ತಗಾಗಲಿ ಎಂದು ಚಪ್ಪಲಿಗೆ ಹಚ್ಚಿದಂತೆ ಹರಳೆಣ್ಣೆ ಸುರಿಯುವವರಿದ್ದಾರೆ. ಬೇಡ. ಎಣ್ಣೆ ಕುಡಿದ ಚರ್ಮ ಜೋತುಬೀಳುತ್ತದೆ. ಅದಕ್ಕೆಂದೇ ಬರುವ ಪ್ರೂಫೈಡ್ ಎಂಬ ಮೇಣದ ಮುಲಾಮನ್ನು ತೆಳುವಾಗಿ ಸವರಿ, ಒಂದು ರಾತ್ರಿ ಬಿಟ್ಟು ಒರೆಸಿದರೆ ಸಾಕು. ಸೀಟಿನ ಮೂತಿಯ, ಅಂದರೆ ಮುಂತುದಿಯ, ಕೆಳಗಿರುವ ಚರ್ಮ ಬಿಗಿಯುವ ಬೋಲ್ಟನ್ನೂ ಸುಮ್ಮಸುಮ್ಮನೆ ತಿರುಗಿಸಬಾರದು. ಚರ್ಮ ನಿಜಕ್ಕೂ ಸಡಿಲವಾದಾಗ ಅರ್ಧ ಸುತ್ತು, ಅಷ್ಟೇ. ಅತಿಯಾಗಿ ಬಿಗಿದರೆ ರಿವೆಟ್ ಹತ್ತಿರ ಹರಿಯುತ್ತದೆ. ಇನ್ನೊಂದು, ಹೊಸದರಲ್ಲಿ ಬಣ್ಣ ಬಿಡುತ್ತದೆ. ಬಿಳಿ ಪ್ಯಾಂಟು ಹಾಕಿ ಮದುವೆಮನೆಗೆ ಸೈಕಲ್‌ನಲ್ಲಿ ಹೋಗಬೇಡಿ.

ಕೂರಿಸುವಾಗ ಎರಡು ವಿಷಯ. ಚರ್ಮದ ಸೀಟಿನ ಕೆಳಗಿನ ಕಂಬಿಯಲ್ಲಿ ನೇರ ಭಾಗ ಗಿಡ್ಡ, ಹಿಂದೆಮುಂದೆ ಸರಿಸಲು ಜಾಗ ಕಡಿಮೆ. ಹಾಗಾಗಿ ತುದಿ ಹಿಂದಕ್ಕೆ ಬಾಗಿದ ಸೀಟ್ ಪೋಸ್ಟ್ (ಸೀಟನ್ನು ಹೊರುವ ಕೊಳವೆ) ಬೇಕಾಗಬಹುದು. ಎರಡನೆಯದು ಮೂತಿ. ನಡುವೆ ಚರ್ಮ ತಗ್ಗುವುದರಿಂದ ಮೂತಿಯನ್ನು ಕೂದಲೆಳೆಯಷ್ಟು ಮೇಲಿಟ್ಟರೆ ದೇಹ ಮುಂದೆ ಜಾರುವುದಿಲ್ಲ, ಅಂಗೈಗೆ ಭಾರ ಬೀಳುವುದಿಲ್ಲ. ನಾನು ಇದನ್ನು ಸಮತಟ್ಟಾದ ರಸ್ತೆಯಲ್ಲೇ ಹೊಂದಿಸುತ್ತೇನೆ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಹಿಂದೆ ಜಾರಿದಂತೆನಿಸುವುದು ಸಹಜ. ಅದಕ್ಕಾಗಿ ಮೂತಿ ಇಳಿಸಿದರೆ ಇಳಿಜಾರಿನಲ್ಲಿ ಅನುಭವಿಸಬೇಕಾಗುತ್ತದೆ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಪೂರ್ತಿ ನೆಂದ ಚರ್ಮದ ಮೇಲೆ ಕೂತು ತುಳಿದರೆ ಅದು ಹಿಗ್ಗಿ ಆಕಾರ ಕಳೆದುಕೊಳ್ಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಮೇಲಿನ ನೀರಿಗೆ ಪ್ಲಾಸ್ಟಿಕ್ ಟೋಪಿ ಹಾಕಬಹುದು. ನಿಜವಾದ ಕಾಟ ಹಿಂದಿನ ಚಕ್ರ ಕೆಳಗಿನಿಂದ ಎರಚುವ ಕೆಸರುನೀರಿನದು, ಅಲ್ಲಿ ಚರ್ಮಕ್ಕೆ ಹೊಳಪಿನ ರಕ್ಷಣೆ ಇಲ್ಲ. ಉದ್ದನೆಯ ಮಡ್‌ಗಾರ್ಡ್ ಇಲ್ಲದೆ ಮಲೆನಾಡಿನಲ್ಲಿ ಚರ್ಮದ ಸೀಟು ಹಾಕುವುದೇ ಬೇಡ. ನೆಂದರೆ ಬಚ್ಚಲ ಒಲೆಯ ಹತ್ತಿರವಾಗಲಿ ಬಿಸಿಲಿನಲ್ಲಾಗಲಿ ಒಣಗಿಸಬಾರದು, ಚರ್ಮ ಸೆಟೆದು ಬಿರಿಯುತ್ತದೆ. ಗಾಳಿಯಾಡುವ ನೆರಳೇ ಸರಿ.

ಜೂನ್ ಹಿಡಿದಾಗ ನಾನು ಅದನ್ನು ಬಿಚ್ಚಿಬಿಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಗ್ಯಾರಂಟಿ, ಆದ್ದರಿಂದ ಹತ್ತಿಬಟ್ಟೆ ಸುತ್ತಿ ಒಳಕೋಣೆಯಲ್ಲಿ ನೇತುಹಾಕುತ್ತೇನೆ. ಬೂಷ್ಟು ಬಂದರೂ ಒಣಬಟ್ಟೆಯಲ್ಲಿ ಒರೆಸಿ ತೆಳುವಾಗಿ ಮೇಣ ಸವರಿದರೆ ಹೋಗುತ್ತದೆ. ಮಳೆಗಾಲದಲ್ಲೂ ದೂರ ಹೋಗುವವರಾದರೆ ಚರ್ಮದ ಆಸೆ ಬಿಟ್ಟು, ಅದೇ ಕಂಪನಿಯ ರಬ್ಬರು ಮತ್ತು ಹತ್ತಿಯ ಕೇಂಬಿಯಂ ನೋಡುವುದು ವಾಸಿ. ಸೀಟು ಬದಲಿಸುವಾಗ ಎತ್ತರ ಮತ್ತೆ ಅಳೆಯಿರಿ. ಚರ್ಮದ ಸೀಟು ಕಂಬಿಯಿಂದ ಹೆಚ್ಚು ಎತ್ತರಕ್ಕಿರುತ್ತದೆ, ಪೋಸ್ಟ್ ಅಲ್ಲೇ ಬಿಟ್ಟರೆ ಮಂಡಿನೋವು ಬರುತ್ತದೆ. ನನ್ನ ಪೋಸ್ಟಿನ ಮೇಲೆ ಎರಡು ಬಣ್ಣದ ಟೇಪು ಸುತ್ತಿದ್ದೇನೆ: ಕೆಂಪು ಮಳೆಗಾಲದ್ದು, ಕಪ್ಪು ಚರ್ಮದ್ದು.